ನೆಲಕ್ಕಿಟ್ಟ ಕೊಕ್ಕೆ

ದಾಳ ಎಸೆದು ಆಡುವ ಸಾಹಸದ ಆಟಕ್ಕೆ ಮಗಳು ವೀರನ ಚಿತ್ರ ಬರೆಯುತ್ತಿದ್ದಳು. ಕೈಯಲ್ಲಿ ಕತ್ತಿ, ಸೊಂಟದಲ್ಲಿ ಹಗ್ಗ. ಆ ಹಗ್ಗ ಕಂಡದ್ದೇ ನನ್ನ ಮೂಗಿಗೆ ನಮ್ಮೂರ ಕಾಳಿನ ಪೇಟೆ ಗಾಂಧಿ ಗಂಜಿನ ಹಳೆಯ ತೊಗರಿ ಧೂಳು ಬಡಿಯಿತು.

ಅಪ್ಪ ಅಲ್ಲಿ ಹಮಾಲನಾಗಿದ್ದ. ಚೀಲ ಎಳೆಯುವ ಕಬ್ಬಿಣದ ಕೊಕ್ಕೆ ಸದಾ ಅವನ ಹೆಗಲ ಮೇಲಿರುತ್ತಿತ್ತು. ಹೊಡೆದಾಟಕ್ಕೆ ನಿಂತ ಹಮಾಲರು ಮೊದಲು ಕೊಕ್ಕೆ ನೆಲಕ್ಕಿಡುವುದು ಗಂಜಿನ ರಿವಾಜು. ಅವತ್ತು ಲಾರಿ ತುಂಬುವ ಪಾಳಿಗಾಗಿ ಜಗಳವೆದ್ದಾಗ ಅಪ್ಪ ಇಟ್ಟ. ಎದುರು ನಿಂತ ಹಮಾಲ, ಭಾಲ್ಕಿಯ ಮಾಣಿಕ ಇಡಲಿಲ್ಲ. ಅವನ ಕೊಕ್ಕೆ ಅಪ್ಪನ ತೋಳಿಗೆ ಹೊಕ್ಕು ಮಾಂಸ ಹರಿಯಿತು. ಅಪ್ಪ ಅದನ್ನು ಕಿತ್ತು, ರಕ್ತ ಸುರಿಯುತ್ತಿದ್ದಂತೆಯೇ ಅವನ ಕೈಗೆ ಕೊಟ್ಟ.

"ತಗೋ. ಈಗರ ಕೆಳಗ ಇಡು."

ಮಾಣಿಕ ಇಟ್ಟ. ಆಮೇಲೆ ಅಪ್ಪ ಅವನ ಹಲ್ಲು ಉದುರಿಸಿದ.

ಇದನ್ನು ಕೇಳಿದ ಮಗಳು ಅಜ್ಜನನ್ನೂ ಬರೆಯತೊಡಗಿದಳು. "ಕೊಕ್ಕಿ ಯಾವ ಕೈಯಾಗ ಇರ್ಲಿ, ಪಪ್ಪಾ?"

"ಕೈಯಾಗ ಬ್ಯಾಡವ್ವ. ನೆಲದ ಮ್ಯಾಲ ಬರಿ."