ಭದ್ರಮ್ಮ ಮಿಡ್ಲ್ ಸ್ಕೂಲು ಉಳಿಸಿದ್ದು

ಭದ್ರಮ್ಮ ಓದಿದ್ದು ನಾಲ್ಕನೇ ಕ್ಲಾಸು, ಅದೂ ಮೂರು ವರ್ಷ ಒಂದೇ ಬೆಂಚಿನಲ್ಲಿ. ಜಿಗಣಿ ಪಕ್ಕದ ಸರ್ಕಾರಿ ಮಿಡ್ಲ್ ಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ಬಿಸಿಯೂಟ ಬೇಯಿಸುತ್ತ, ಬಂದುಹೋದ ಆರು ಹೆಡ್‌ಮಾಸ್ಟರುಗಳಿಗೂ ಬೆವರಿಳಿಸಿದ್ದಳು.

ಊರಿನವರು ಹೊಲದಲ್ಲಿ ಬಾಡಿಗೆ ಮನೆ ಕಟ್ಟಿ, ಮೊಮ್ಮಕ್ಕಳಿಗೆ ಟೈ ಕಟ್ಟಿ ಹಳದಿ ಬಸ್ಸು ಹತ್ತಿಸಿದ ಮೇಲೆ ಶಾಲೆ ಖಾಲಿಯಾಯಿತು. ಆರರಿಂದ ಎಂಟನೇ ಕ್ಲಾಸಿನವರೆಗೆ ಉಳಿದದ್ದು ಹತ್ತೊಂಬತ್ತು ಮಕ್ಕಳು.

ಇನ್ಸ್‌ಪೆಕ್ಷನ್ನಿಗೆ ಬಂದ ಸಾಹೇಬರು ಕೇಳಿದರು: "ಒಬ್ಬರಿಗೆ ನೂರೈವತ್ತು ಗ್ರಾಂ ಅಕ್ಕಿ ಆದ್ರೆ ಹತ್ತೊಂಬತ್ತು ಜನಕ್ಕೆಷ್ಟು?"

ಮಕ್ಕಳು ಸೂರು ನೋಡಿದವು. ಹೆಡ್‌ಮಾಸ್ಟರ್ ಶಶಿಕುಮಾರ್ ಏನೂ ಬರೆಯದ ಬೋರ್ಡನ್ನು ಒರೆಸತೊಡಗಿದರು.

"ಎರಡು ಕೇಜಿ ಎಂಟ್ನೂರೈವತ್ತು ಗ್ರಾಂ, ಸಾರ್!" ಅಡುಗೆಮನೆಯಿಂದ ಭದ್ರಮ್ಮ ಕೂಗಿದಳು.

ಸಾಹೇಬರು ನಗಲಿಲ್ಲ. "ಮಕ್ಕಳೇ ಇಲ್ಲ, ಇರೋರಿಗೆ ಲೆಕ್ಕ ಬರಲ್ಲ. ಮುಂದಿನ ವರ್ಷ ಪಕ್ಕದೂರಿನ ಸ್ಕೂಲಿಗೆ ಸೇರಿಸಿಬಿಡೋಣ" ಎಂದು, ಅನ್ನ ಸಾಂಬಾರು ಎರಡು ಸಲ ಹಾಕಿಸಿಕೊಂಡು ಉಂಡು ಹೋದರು.

ಭದ್ರಮ್ಮನಿಗೆ ಮೈಯೆಲ್ಲ ಉರಿಯಿತು. ಭಾನುವಾರ ಶಶಿಕುಮಾರರನ್ನು ಎಳೆದುಕೊಂಡು ಫ್ಯಾಕ್ಟರಿ ಹಿಂದಿನ ಶೀಟ್ ಮನೆಗಳಿಗೆ ಹೋದಳು. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು ಅಲ್ಲಿದ್ದರು.

"ಟಿಸಿ ಇಲ್ಲರೀ ಯಕ್ಕಾ," ಅಂದಳು ಚನ್ನಕ್ಕ. "ನಮ್ಮ ಶಾಂಭವಿ ಸಾಲಿ ಬಿಟ್ಟು ಎರಡು ವರ್ಷ ಆತು. ಸಣ್ಣಾಕಿನ್ನ ಯಾರ್ ನೋಡ್ಕೋಬೇಕ್ರೀ?"

"ಚಿಕ್ಕದನ್ನೂ ಕಳ್ಸವ್ವ, ನನ್ನ ಕಣ್ಮುಂದೇನೇ ಇರ್ತದೆ. ಟಿಸಿ ಇಲ್ದಿದ್ರೂ ಸೇರಿಸ್ಕೋಬೇಕು ಅಂತ ಕಾನೂನೇ ಐತೆ. ಅಲ್ವಾ ಸಾರ್?"

"ಐತೆ, ಆದ್ರೆ..."

"ಸ್ಕೂಲು ಮುಚ್ಚಿದ್ರೆ ನಿಮ್ಮನ್ನ ಯಾವ ಮೂಲೆಗೆ ಹಾಕ್ತಾರೋ ನೋಡ್ಕಳಿ."

ಸಾರ್ ಅಲ್ಲೇ ಪೆನ್ನು ತೆಗೆದರು.

ಜೂನ್‌ನಲ್ಲಿ ಮಕ್ಕಳು ಅರವತ್ತೆರಡಾದರು. ಮಕ್ಕಳು ಬಂದವು, ಅಕ್ಷರ ಬರಲಿಲ್ಲ. ಶಾಂಭವಿಗೆ ತನ್ನ ಹೆಸರೇ ಬರೆಯಲು ಬಾರದು. ಶಶಿಕುಮಾರ್ ಬೆಳಗಿನ ಲೆಕ್ಕದ ಪಾಠವನ್ನು ಅಡುಗೆಮನೆ ಜಗಲಿಗೆ ತಂದರು. ಬೇಳೆ ಎಷ್ಟು, ಎಣ್ಣೆ ಎಷ್ಟು ಎಂದು ಮಕ್ಕಳೇ ಹೇಳಬೇಕು, ಹೇಳಿದಷ್ಟೇ ಭದ್ರಮ್ಮ ಹಾಕಬೇಕು. ಒಂದು ದಿನ ಶಾಂಭವಿ ಹೇಳಿದ ಬೇಳೆಗೆ ಸಾಂಬಾರು ಬರೀ ನೀರಾಯಿತು. ಎಲ್ಲರೂ ಬೈದುಕೊಂಡೇ ಉಂಡರು. ಹುಡುಗಿ ಅತ್ತಳು, ಮರುದಿನ ಮೂರು ಸಲ ಲೆಕ್ಕ ಮಾಡಿ ಬಂದಳು. ಮಾರ್ಚ್ ಹೊತ್ತಿಗೆ ಅರ್ಧ ಮಕ್ಕಳಿಗೆ ಭಾಗಾಕಾರ ಬರುತ್ತಿತ್ತು. ಉಳಿದರ್ಧಕ್ಕೆ ಅದಿಲ್ಲದೆಯೂ ಹಸಿವಾಗುತ್ತಿತ್ತು. ಸಾಹೇಬರು ಮುಚ್ಚುವ ಮಾತು ಬಿಟ್ಟರು.

ಏಪ್ರಿಲ್‌ನಲ್ಲಿ ಕಾಗದ ಬಂತು: ಭದ್ರಮ್ಮನಿಗೆ ಅರವತ್ತಾಯಿತು, ಕೆಲಸದಿಂದ ಬಿಡಿಸಿ. ಆಧಾರ್ ಮಾಡಿದವನು ಮುಖ ನೋಡಿ ಹುಟ್ಟಿದ ವರ್ಷ ಬರೆದಿದ್ದ.

"ಅವನ ಕೈ ಸೇದೋಗ!" ಎಂದು ಶಪಿಸಿದಳು. ಬೀಳ್ಕೊಡುಗೆಯಲ್ಲಿ ಹೊದಿಸಿದ ಶಾಲನ್ನು, ಸೆಕೆಗೆ ಇದೊಂದು ಕೇಡು ಎಂದು ಗೊಣಗುತ್ತಲೇ ತೆಗೆದುಕೊಂಡಳು. ದೊಡ್ಡ ಪಾತ್ರೆ ತೊಳೆದು ಬೋರಲು ಹಾಕುವಾಗ ಮಾತ್ರ ಕಣ್ಣು ತುಂಬಿತು.

ಮೇ ತಿಂಗಳಲ್ಲಿ ಶಶಿಕುಮಾರ್ ಅವಳ ಮನೆ ಬಾಗಿಲಿಗೇ ಬಂದರು. "ಅಕ್ಕಾ, ಶೀಟ್ ಮನೆಗಳ ಕಡೆ ಒಂದು ರೌಂಡು..."

"ದಾರಿ ಗೊತ್ತಲ್ಲ ಸಾರ್, ಓಗಿ."

ಒಬ್ಬರೇ ಹೋದರು. ನಾಯಿ ಅಟ್ಟಿಸಿಕೊಂಡು ಬಂದು ಪ್ಯಾಂಟು ಹರಿಯಿತು. ಆದರೂ ಹನ್ನೊಂದು ಹೆಸರು ಬರೆದುಕೊಂಡು ಬಂದರು. ಭದ್ರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕು, ಟೀ ಕೊಟ್ಟು, ಸೂಜಿ ದಾರ ಹುಡುಕಲು ಒಳಗೆ ಹೋದಳು.