ಪಚ್ಚಪ್ಪ ನೀರು ಕುಡಿದ ದಿನ

ಹೋದ ಗುರುವಾರ ಒಂದು ಗೋಸುಂಬೆ ನನ್ನ ಕಣ್ಣೆದುರಿಗೇ ಸಾಯಲು ಹೊರಟಿತ್ತು. ಅದಕ್ಕೆ ನಾನೇ ಕಾರಣ ಎಂದು ಆಗಲೇ ಒಪ್ಪಿಕೊಂಡುಬಿಟ್ಟಿದ್ದೆ.

ಕಾರಣ ನಾನೇ, ನಿಜ. ಆದರೆ ನಾನು ಒಪ್ಪಿಕೊಂಡ ತಪ್ಪೇ ಒಂದು, ಮಾಡಿದ ತಪ್ಪೇ ಇನ್ನೊಂದು.

ಮೊಮ್ಮಕ್ಕಳೇ, ಮೊದಲಿನಿಂದ ಬರೆಯುತ್ತೇನೆ. ನನ್ನ ಮೊಮ್ಮಗಳು ಇಂಚರಾ ಏಳನೇ ಕ್ಲಾಸು. ಒಂದು ವರ್ಷದಿಂದ ಅವಳದು ಒಂದೇ ಹಟ. ನಾಯಿ ಬೇಡ, ಬೆಕ್ಕು ಬೇಡ, ಗೋಸುಂಬೆ ಬೇಕು. (ನಮ್ಮ ಬೇಲಿಯ ಗೋಸುಂಬೆಯನ್ನು ಹಿಡಿದು ಸಾಕುವುದು ಅಪರಾಧ. ಇದು ಹೊರದೇಶದ ಜಾತಿ, ತಣಿಸಂದ್ರದಲ್ಲಿ ಸಾಕುವವರೊಬ್ಬರ ಮನೆಯಲ್ಲೇ ಮೊಟ್ಟೆಯೊಡೆದು ಬಂದದ್ದು, ಸರ್ಕಾರದ ಕಾಗದವೂ ಇದೆ ಎಂದು ಅವಳೇ ನನಗೆ ಪಾಠ ಮಾಡಿದಳು.)

ಮಗ ರವಿಗೆ ಸಂಜಯನಗರದಲ್ಲಿ ಕಿಟಕಿಗೆ ಸೊಳ್ಳೆ ಜಾಲರಿ ಹಾಕುವ ಅಂಗಡಿ. ಅದೇ ಜಾಲರಿಯಲ್ಲಿ ನನ್ನ ಎದೆಮಟ್ಟದ ಗೂಡು ಮಾಡಿದ. ಗಾಜು ಆಗುವುದಿಲ್ಲವಂತೆ, ಗಾಳಿ ಆಡಬೇಕಂತೆ. ಒಳಗೆ ಕುಂಡದಲ್ಲಿ ದಾಸವಾಳ, ಮನಿಪ್ಲಾಂಟ್, ಅಡ್ಡಡ್ಡ ಸೀಬೆ ಕೊಂಬೆಗಳು. ಮೇಲೆ ಎರಡು ಲೈಟು, ಒಂದು ಕಾವಿಗೆ, ಒಂದು ಬಿಸಿಲಿನ ಬದಲಿಗೆ. ನೆಲದ ಮೇಲಿಟ್ಟರೆ ನಾವು ಮೇಲಿನಿಂದ ಬಗ್ಗಿ ನೋಡುತ್ತೇವಲ್ಲ, ಹದ್ದು ಬಂತೆಂದು ಹೆದರುತ್ತದಂತೆ. ಎತ್ತರದಲ್ಲಿಡಬೇಕು. ಹಾಗಾಗಿ ನನ್ನ ಹೊಲಿಗೆ ಮಿಷನ್ನು ಕೆಳಗಿಳಿಯಿತು, ಟೇಬಲ್ಲಿನ ಮೇಲೆ ಗೂಡು ಹತ್ತಿತು.

ಭಾನುವಾರ ಅದು ಬಂತು. ಬೆರಳುದ್ದದ ಮರಿ. ಇಂಚರಾ ಆಗಲೇ ಹೆಸರಿಟ್ಟಾಗಿತ್ತು, ಪಚ್ಚಪ್ಪ. ಬಾಗಿಲಲ್ಲೇ ನಿಂತು ಕೂಗಿದಳು, "ಅಜ್ಜೀ, ಆರತಿ! ಕಾರಿಗೆ ಮಾಡಿದ್ರಿ, ಇವ್ನಿಗ್ ಮಾಡಲ್ವಾ?"

ಕಾರಿಗೆ ಮಾಡಿದವಳು ನಾನಲ್ಲ. ನಿಮ್ಮ ತಾತ ಹೋದ ಮೇಲೆ ಹನ್ನೊಂದು ವರ್ಷದಿಂದ ನಾನು ಆರತಿ ತಟ್ಟೆ ಮುಟ್ಟಿಲ್ಲ. ಅಂಥ ಹೊತ್ತಿನಲ್ಲಿ ನನಗೆ ಅಡುಗೆಮನೆಯಲ್ಲಿ ಏನಾದರೊಂದು ಕೆಲಸ ಇದ್ದೇ ಇರುತ್ತದೆ. ಯಾರೂ ಕಳಿಸುವುದಿಲ್ಲ. ನಾನೇ ಹೋಗುತ್ತೇನೆ. ಅಂದೂ ಹೊರಟೆ.

ಸೊಸೆ ಶೋಭಾ ಕೆಂಪು ನೀರು ಕಲಸಿ ತಟ್ಟೆ ತಂದವಳು ಅಡ್ಡ ನಿಂತಳು. "ನೀವ್ ಒಂದ್ ಕಡೆ ಹಿಡೀರಿ ಅತ್ತೆ. ಮನೆಗೆ ದೊಡ್ಡೋರು ನೀವ್ ತಾನೇ?"

ಹಿಡಿದೆ. ಇಂಚರಾ ಫೋಟೋ ತೆಗೆದಳು. ಸಂಜೆಯೊಳಗೆ ಆ ಫೋಟೋ ಫ್ಯಾಮಿಲಿ ಗ್ರೂಪಿನಲ್ಲಿತ್ತು. ರಾತ್ರಿ ಊಟಕ್ಕೆ ಮುಂಚೆ ಬಾಗಲಗುಂಟೆಯಿಂದ ನಿಮ್ಮ ತಾತನ ಅಕ್ಕನ ಫೋನು.

"ಅಲ್ಲ ಕಣವ್ವ, ಗೋಸುಂಬೇನ ಮನೆಗ್ ತಂದವ್ರೆ, ನಿಮ್ಗೆಲ್ಲ ತಲೆ ನೆಟ್ಗಿದ್ಯಾ? ಓಗ್ಲಿ, ತಂದ್ರು. ನೀನ್ಯಾಕ್ ಆರತಿ ತಟ್ಟೆ ಮುಟ್ಟಕ್ಕೋದೆ? ಒಸದಾಗ್ ಬಂದ ಜೀವ. ಇಂಗೆಲ್ಲ ಮಾಡ್ಬಾರ್ದು ಅಂತ ನಾನ್ ಏಳ್ಕೊಡ್ಬೇಕಾ?"

"ತಪ್ಪಾಯ್ತಕ್ಕ" ಎಂದೆ. ನನಗೆ ಬರುವ ಉತ್ತರ ಅದೊಂದೇ.

ಸೋಮವಾರ ಇಂಚರಾ ಸ್ಕೂಲ್ ಟ್ರಿಪ್ಪಿಗೆ ಹೊರಟಳು, ಐದು ದಿನ. ಹೋಗುವಾಗ ಸ್ಪ್ರೇ ಬಾಟಲಿ ನನ್ನ ಕೈಗಿಟ್ಟಳು. "ದಿನಾ ಮೂರ್ ಸಲ ಅಜ್ಜಿ, ಎಲೆಯೆಲ್ಲಾ ನೆನೀಬೇಕು. ಪ್ರಾಮಿಸ್?"

ಪ್ರಾಮಿಸ್ ಎಂದೆ. ಆದರೆ ಹೊರಗೆ ಮೋಡ, ಶೀತಗಾಳಿ. ಶಾಲು ಹೊದ್ದು ಕೂತ ನಾನು ಬೆರಳುದ್ದದ ಮರಿಗೆ ತಣ್ಣೀರು ಎರಚುವುದೇ? ಶೀತ ಆದರೆ? ಮೂರು ಮಕ್ಕಳನ್ನು, ನಾಲ್ಕು ಮೊಮ್ಮಕ್ಕಳನ್ನು ಎಣ್ಣೆ ಹಚ್ಚಿ ಟೋಪಿ ಹಾಕಿ ಬೆಳೆಸಿದವಳು ನಾನು. ನನಗೆ ಗೊತ್ತಿಲ್ಲವೇ? ಸ್ಪ್ರೇ ಬಾಟಲಿ ಪಕ್ಕಕ್ಕಿಟ್ಟೆ. ಪುಟ್ಟ ಬಟ್ಟಲಲ್ಲಿ ಉಗುರುಬೆಚ್ಚನೆ ನೀರು ಇಟ್ಟೆ. ದಿನಕ್ಕೆ ಮೂರು ಸಲ ಬದಲಾಯಿಸಿದೆ. ಯಾರಿಗೂ ಹೇಳಲಿಲ್ಲ.

ಮಂಗಳವಾರ ಪಚ್ಚಪ್ಪ ಹುಳು ಮುಟ್ಟಲಿಲ್ಲ. ಭಾನುವಾರದಿಂದ ತಲೆಯಲ್ಲಿದ್ದ ಅಕ್ಕನ ಮಾತು ಇನ್ನಷ್ಟು ಕೊರೆಯಿತು. ಬುಧವಾರ ಅದರ ಹಸಿರು ಕಂದಿ ಹಳೆಯ ಹುಣಸೆಹಣ್ಣಿನ ಬಣ್ಣಕ್ಕೆ ಬಂತು. ರವಿ ಬಗ್ಗಿ ನೋಡಿ, "ಹೊಸ ಜಾಗ ಅಲ್ವಾಮ್ಮ, ಹೊಂದ್ಕೊಳ್ತಾನೆ ಬಿಡು" ಎಂದ. ಗುರುವಾರ ಬೆಳಗ್ಗೆ ನೋಡಿದರೆ ಗುಂಡಗೆ ಉಬ್ಬಿದ್ದ ಕಣ್ಣುಗಳು ಒಳಕ್ಕೆ ಇಳಿದಿವೆ. ಕೆಳಗಿನ ಕೊಂಬೆಗೆ ಇಳಿದು ಬಂದು ಕೂತಿದೆ. ಮಗ, ಸೊಸೆ ಕೆಲಸಕ್ಕೆ ಹೋಗಿದ್ದಾರೆ.

ನನ್ನ ಮನಸ್ಸಿಗೆ ಬಂದದ್ದು ಒಂದೇ. ಆ ತಟ್ಟೆ. ನಾನು ಮುಟ್ಟಬಾರದಿತ್ತು.

ನಾಳೆ ಮಗು ಬರುತ್ತಾಳೆ. ಬ್ಯಾಗು ಬಿಸಾಕಿ ಮೊದಲು ಗೂಡಿನ ಹತ್ತಿರ ಓಡುತ್ತಾಳೆ. ಏನು ತೋರಿಸಲಿ?

ಗೂಡಿನ ಬಾಗಿಲ ಮೇಲೆ ರವಿ ತಣಿಸಂದ್ರದವರ ನಂಬರು ಬರೆದಿದ್ದ. ಮಕ್ಕಳೇ, ಗುರುತಿಲ್ಲದವರಿಗೆ ನಾನು ಎಂದೂ ಫೋನು ಮಾಡಿದವಳಲ್ಲ. ಗ್ಯಾಸು ಮುಗಿದರೂ ಶೋಭಾ ಬರುವವರೆಗೆ ಕಾಯುವವಳು. ಮೂರು ಸಲ ಒತ್ತಿ ಕಟ್ ಮಾಡಿದೆ. ನಾಲ್ಕನೇ ಸಲಕ್ಕೆ ಅವರೇ ವಾಪಸ್ ಮಾಡಿದರು. ಇಮ್ರಾನ್ ಎಂದು ಹೆಸರು.

"ಹೇಳಿ ಅಮ್ಮ, ಏನಾಯ್ತು?"

ನಾನು ಶುರು ಮಾಡಿದ್ದೇ ಆರತಿಯಿಂದ. ಯಜಮಾನರು ಹೋಗಿ ಹನ್ನೊಂದು ವರ್ಷ, ನಾನು ತಟ್ಟೆ ಹಿಡಿಯಬಾರದಿತ್ತು, ಹಿಡಿದೆ, ಅದಕ್ಕೇ ಹೀಗಾಗಿದೆ ಎಂದೆಲ್ಲ. ಅವರು ಪೂರ್ತಿ ಕೇಳಿಸಿಕೊಂಡರು.

"ಅದೆಲ್ಲಾ ಇರ್ಲಿ ಅಮ್ಮಾ. ಸ್ಪ್ರೇ ಎಷ್ಟ್ ಸಲ ಮಾಡ್ತಿದೀರಾ?"

ಸುಳ್ಳು ಹೇಳಬಹುದಿತ್ತು. "ಮಾಡಿಲ್ಲ. ಶೀತ ಆಗುತ್ತೆ ಅಂತ. ಬಟ್ಟಲಲ್ಲಿ ಬಿಸಿನೀರು ಇಟ್ಟಿದೀನಿ."

"ಅಯ್ಯೋ, ಬಟ್ಟಲಲ್ಲಿ ಸಮುದ್ರಾನೇ ಇಟ್ರೂ ಕುಡಿಯಲ್ಲಮ್ಮ ಅದು! ನಿಂತ ನೀರು ಅದಕ್ಕೆ ನೀರೇ ಅಲ್ಲ. ಎಲೆ ಮೇಲೆ ಹನಿ ಅಲ್ಲಾಡ್ಬೇಕು, ಆಗ ನೆಕ್ಕುತ್ತೆ. ಬಾಯಾರಿದೆ ಅಷ್ಟೇ. ಈಗ್ಲೇ ಶುರು ಮಾಡಿ, ಉಗುರುಬೆಚ್ಚಗಿರ್ಲಿ, ಹತ್ತು ಹದಿನೈದು ನಿಮಿಷ ನಿಲ್ಲಿಸ್ಬೇಡಿ. ಸಂಜೆ ಒಳಗೆ ಕಣ್ಣು ಮೇಲೆ ಬರ್ಲಿಲ್ಲ ಅಂದ್ರೆ ನಾನೇ ಬಂದು ಡಾಕ್ಟ್ರ ಹತ್ರ ಕರ್ಕೊಂಡ್ ಹೋಗ್ತೀನಿ."

ಸ್ಪ್ರೇ ಮಾಡಿದೆ. ದಾಸವಾಳದ ಎಲೆಗಳೆಲ್ಲ ತೊಯ್ದವು. ಪಚ್ಚಪ್ಪ ಕಣ್ಣು ಮುಚ್ಚಿಕೊಂಡಿತು. ಬೆರಳು ನೋಯುವವರೆಗೆ ಒತ್ತಿದೆ. ಕೈ ಬದಲಾಯಿಸಿ ಮತ್ತೆ ಒತ್ತಿದೆ. ಅದು ನಿಧಾನ ತಲೆ ಎತ್ತಿತು. ಒಂದು ಕಣ್ಣು ನನ್ನ ಕಡೆ, ಒಂದು ಕಣ್ಣು ಎಲೆಯ ಕಡೆ. ಎಲೆಯ ತುದಿಯ ಹನಿಗೆ ಬಾಯಿ ಹಚ್ಚಿತು. ಗಂಟಲು ಏರಿಳಿಯಿತು. ಇನ್ನೊಂದು ಹನಿ. ಮತ್ತೊಂದು. ಎಷ್ಟು ಹೊತ್ತು ಕುಡಿಯಿತೋ! ನಾನು ನಿಂತೇ ಇದ್ದೆ. ಸೆರಗೆಲ್ಲ ಒದ್ದೆ.

ಸಂಜೆಗೆ ಕಣ್ಣು ತುಂಬಿಕೊಂಡಿತ್ತು. ಶುಕ್ರವಾರ ಬೆಳಗ್ಗೆ ಒಂದು ಹುಳು ತಿಂದಿತು. ಮಧ್ಯಾಹ್ನ ಇಂಚರಾ ಬಂದು, "ಥ್ಯಾಂಕ್ಸ್ ಅಜ್ಜಿ, ಎಷ್ಟ್ ಚೆನ್ನಾಗ್ ನೋಡ್ಕೊಂಡಿದೀಯ!" ಎಂದು ಕೊರಳಿಗೆ ಬಿದ್ದಳು. ಆ ಥ್ಯಾಂಕ್ಸನ್ನು ಆಗ ತೆಗೆದುಕೊಂಡುಬಿಟ್ಟೆ. ಇಂಚರಾ, ನಡೆದದ್ದು ಇದು. ಓದಿದ ಮೇಲೆ ಬಯ್ಯಿ.

ಮರಿಗೆ ಹುಷಾರಿಲ್ಲದ ಸುದ್ದಿ ರವಿಯಿಂದ ಹೋಗಿತ್ತೇನೋ, ಬಾಗಲಗುಂಟೆಯಿಂದಲೂ ಫೋನು ಬಂತು. "ಸರಿ ಓಯ್ತಂತಲ್ಲ, ಯಾವ್ ದೇವ್ರಿಗ್ ಅರಕೆ ಕಟ್ಕಂಡೆ?" ಸ್ಪ್ರೇ ಬಾಟಲಿಗೆ ಎನ್ನಬೇಕೆನಿಸಿತು. ಅನ್ನಲಿಲ್ಲ. ಆದರೆ ಈ ಸಲ "ತಪ್ಪಾಯ್ತಕ್ಕ" ಎಂದೂ ಅನ್ನಲಿಲ್ಲ. "ಬಾಯಾರಿತ್ತಕ್ಕ, ನಾನೇ ನೀರು ಕೊಟ್ಟಿರಲಿಲ್ಲ" ಎಂದೆ.

ಅಂದಿನಿಂದ ನನ್ನ ಹಳೆಯ ತಪ್ಪುಗಳ ಲೆಕ್ಕವೇ ತಪ್ಪಿದಂತಾಗಿದೆ. ಪಕ್ಕದ ಮನೆಯ ಬೋರ್‌ವೆಲ್ಲು ಬತ್ತಿದಾಗ, ಅದರ ಪೂಜೆಯ ದಿನ ನಾನು ಎದುರಾಗಿದ್ದೆನಲ್ಲ ಎಂದು ಕುಗ್ಗಿದ್ದೆ. ತಂಗಿಯ ಮಗಳ ಸಂಬಂಧ ಮುರಿದಾಗ ನಿಶ್ಚಿತಾರ್ಥದ ಸೀರೆ ಆರಿಸಿದ್ದು ನಾನಲ್ಲವೇ ಎಂದುಕೊಂಡಿದ್ದೆ. ಪ್ರತಿ ಸಲವೂ ಅಲ್ಲಿಗೆ ಮಾತು ಮುಗಿಯುತ್ತಿತ್ತು. ನೆಲದಡಿ ನೀರು ಎಲ್ಲಿ ಹೋಯಿತು, ಆ ಹುಡುಗನಿಗೆ ಏನು ಕೊರತೆ ಕಂಡಿತು ಎಂದು ಆಮೇಲೆ ಯಾರೂ ಕೇಳುತ್ತಿರಲಿಲ್ಲ. ನಾನಂತೂ ಕೇಳಲೇ ಇಲ್ಲ.

ನಾಲ್ಕು ದಿನ ನಾನು ಕೂತು ನನ್ನ ಹಣೆಬರಹವನ್ನೇ ಓದಿದೆ. ಆ ಮೂಕಪ್ರಾಣಿಯ ಒಣಗಿದ ಬಾಯಿಯನ್ನು ಓದಬೇಕಾದವರು ಯಾರು?