ಸಾವಿನ ಮನೆಯ ಮಿಠಾಯಿ

ಎಂಬತ್ತರ ದಶಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಎರಡು ಅಂಗಡಿಗಳಿದ್ದವು. ಒಂದು ಯೆಮೆನ್ ದೇಶದವನ ಗ್ರೋಸರಿ, ಇನ್ನೊಂದು ಚೀನೀ ದಂಪತಿಯ ಬೇಕರಿ. ಬೇಕರಿಯ ಯಜಮಾನ ತೀರಿಕೊಂಡಾಗ ಗ್ರೋಸರಿಯವನು ದಿನವೂ ಆ ಮನೆಗೆ ಊಟ ಹೊತ್ತುಕೊಂಡು ಹೋದ. ನೆರೆಯವರ ದುಃಖದಲ್ಲಿ ಅವರ ಕಡೆ ಹಾಗೆ ಮಾಡುತ್ತಾರಂತೆ. ನಮ್ಮಲ್ಲೂ ಅಷ್ಟೇ ತಾನೆ!

ಮಣ್ಣು ಮಾಡಿದ ದಿನ ತೀರಿಕೊಂಡವನ ಹೆಂಡತಿ ಅವನಿಗೊಂದು ಬಿಳಿ ಲಕೋಟೆ ಕೊಟ್ಟಳು. ಒಳಗೆ ಒಂದು ಮಿಠಾಯಿ, ಒಂದು ನಾಣ್ಯ. ಅವನಿಗೆ ಮೈಯೆಲ್ಲ ಉರಿದುಹೋಯಿತು. "ಊಟ ತಂದದ್ದಕ್ಕೆ ಕೂಲಿಯೇ?" ಎಂದು ನನ್ನೆದುರೇ ಕೂಗಾಡಿ, ಲಕೋಟೆಯನ್ನು ಆಕೆಯ ಬಾಗಿಲಿಗೆ ಸಿಕ್ಕಿಸಿ ಬಂದ. ಆಮೇಲೆ ಆಕೆ ಅವನ ಮುಖ ನೋಡಲಿಲ್ಲ, ಬೇಕರಿಯನ್ನೂ ತೆರೆಯಲಿಲ್ಲ. ತಪ್ಪು ಯಾರದೆಂದು ನನಗಂತೂ ತಲೆಬುಡ ತಿಳಿಯಲಿಲ್ಲ.

"ನಿಂಗ್ಯಾಕೇ ಊರ ಉಸಾಬರಿ? ಹಾಲು ತಗೊಂಡು ಬಾ, ಸಾಕು" ಎಂದರು ನನ್ನ ಗಂಡ.

ಸುಮ್ಮನಿರುವ ಜಾಯಮಾನ ನನ್ನದಲ್ಲ. ಅವರಿಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ನಮ್ಮ ಮೇಲಿನ ಮಹಡಿಯಲ್ಲಿ ಚೀನಾದಲ್ಲಿ ಅರಬ್ಬೀ ಕಲಿಸುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಅವರನ್ನೂ ಗ್ರೋಸರಿಯವನನ್ನೂ ಆಕೆಯ ಬಾಗಿಲಿಗೆ ಎಳೆದುಕೊಂಡು ಹೋದೆ.

ಆಕೆ ಅಳುತ್ತ ಬಹಳ ಹೊತ್ತು ಮಾತಾಡಿದಳು. ಮೇಷ್ಟ್ರು ಅದನ್ನು ಅರಬ್ಬಿಯಲ್ಲಿ ಎರಡೇ ಮಾತಲ್ಲಿ ಮುಗಿಸಿದರು. ಇದ್ಯಾವ ಸೀಮೆಯ ಅನುವಾದ? ನನಗೆ ರೇಗಿತು.

ಮೇಷ್ಟ್ರು ಇಂಗ್ಲಿಷಿನಲ್ಲಿ ನನಗೂ ಹೇಳಿದರು: "ಮಣ್ಣಿಗೆ ಬಂದವರಿಗೆಲ್ಲ ಇದನ್ನು ಕೊಡೋದು ಇವರ ಪದ್ಧತಿ. ಮಿಠಾಯಿ, ಬಾಯಿಯ ಕಹಿ ಹೋಗಲಿ ಅಂತ. ನಾಣ್ಯ, ಮನೆಗೆ ಹೋಗೋ ಮುಂಚೆ ಏನಾದ್ರೂ ಸಿಹಿ ಕೊಳ್ಳಲಿ ಅಂತ. ವಾಪಸ್ ಕೊಟ್ರೆ ಸಾವನ್ನೇ ಆ ಮನೆಗೆ ವಾಪಸ್ ಕಳಿಸಿದ ಹಾಗೆ."

ಸಾವಿನ ಮನೆಯಿಂದ ಹೊರಡುವಾಗ ‘ಬರ್ತೀನಿ’ ಎನ್ನದ ಊರಿನವಳು ನಾನು. ಇಷ್ಟು ಮಾತ್ರ ಥಟ್ಟನೆ ಅರ್ಥವಾಯಿತು. ಗ್ರೋಸರಿಯವನು ತಲೆ ತಗ್ಗಿಸಿ ಏನೋ ಗೊಣಗಿದ, ಒಂದೇ ಮಾತು. ಮೇಷ್ಟ್ರು ಅದನ್ನು ಚೀನೀ ಭಾಷೆಯಲ್ಲಿ ಹೇಳಿದರು, ಹೇಳುತ್ತಲೇ ಇದ್ದರು. ಆಕೆ ಕಣ್ಣೊರೆಸಿಕೊಂಡು ಹೊಸ ಲಕೋಟೆಯೊಂದನ್ನು ಅವನ ಕೈಗಿಟ್ಟು, ಕೆಳಗಿಳಿದು ಹೋಗಿ ಬೇಕರಿಯ ಶಟರ್ ಎತ್ತಿದಳು. ನಾವೂ ಹಿಂದೆಯೇ ಇಳಿದೆವು.

"ಅವನು ಏನಂದ?" ಎಂದು ಮೇಷ್ಟ್ರನ್ನು ಕೇಳಿದೆ.

"ಕ್ಷಮಿಸು ಅಂದ."

"ನೀವು?"

"ಈ ನಾಣ್ಯಕ್ಕೆ ನಿನ್ನ ಅಂಗಡಿಯ ಸಿಹಿಯೇ ಬೇಕು, ಬೇರೆ ಕಡೆ ಕೊಳ್ಳೋದಿಲ್ಲ ಅಂತಿದಾನೆ, ಅಂದೆ."

ಅದು ಅನುವಾದವೋ, ಹಸಿ ಸುಳ್ಳೋ? ನನಗೆ ಇಂದಿಗೂ ತಿಳಿಯದು. ಒಳಗೆ ಆಕೆ ಹಿಟ್ಟು ಕಲೆಸತೊಡಗಿದಳು. ತಾನು ಕೇಳದೇ ಇದ್ದ ಬನ್ನಿಗಾಗಿ ಗ್ರೋಸರಿಯವನು ನಾಣ್ಯ ಹಿಡಿದುಕೊಂಡು ಪೆಚ್ಚಾಗಿ ನಿಂತಿದ್ದ.